ಪುಟ ಕೂರಿಸಲು ಯಂತ್ರವಿದೆ, ಕರಡು ಓದಲು ಮನುಷ್ಯರು ಬೇಕು

ಅಭಿನಂದನ ಗ್ರಂಥದಲ್ಲಿ ಯಾರ ಲೇಖನ ಮೊದಲು, ಯಾರದು ಆಮೇಲೆ ಎಂಬುದು ಬಿಡುಗಡೆಯ ಹಿಂದಿನ ವಾರದವರೆಗೂ ತೀರ್ಮಾನವಾಗುವುದಿಲ್ಲ. ಸಂಪಾದಕರು ಒಂದು ಕ್ರಮ ಕೊಟ್ಟಿರುತ್ತಾರೆ. ಸಮಿತಿಯ ಅಧ್ಯಕ್ಷರ ಮನಸ್ಸಿನಲ್ಲಿ ಇನ್ನೊಂದು ಇರುತ್ತದೆ. ಇವತ್ತು ನಾಳೆ ಎನ್ನುತ್ತ ಬಂದ ಹಿರಿಯರೊಬ್ಬರು ಕೊನೆಗೂ ಬರೆದು ಕಳಿಸುತ್ತಾರೆ. ಅವರದನ್ನು ಹಿಂದೆ ಹಾಕುವಂತಿಲ್ಲ. ಅಷ್ಟರಲ್ಲಿ ಧಾರವಾಡದ ನನ್ನ ಅಂಗಡಿಯ ಫೋನು ಹೊಡೆದುಕೊಳ್ಳುತ್ತದೆ: "ಅಕ್ಕಾರ, ಸ್ವಾಮಿಗಳ ಆಶೀರ್ವಚನ ಈಗ ಬಂತ್ರಿ. ಎರಡು ಪುಟ ಐತಿ. ಮಂತ್ರಿಗಳ ಸಂದೇಶಕ್ಕಿಂತ ಮುಂದ ಬರಬೇಕ್ರಿ."

ಹೇಳುವವರಿಗೆ ಅದು ಎರಡೇ ಪುಟ. ಪುಟ ವಿನ್ಯಾಸ ಮಾಡುವವರಿಗೆ ಅಲ್ಲಿಂದ ಮುಂದಿನ ಇಡೀ ಪುಸ್ತಕ. ಪ್ರತಿ ಲೇಖನದ ಪುಟಸಂಖ್ಯೆ ಬದಲಾಗಬೇಕು. ಪರಿವಿಡಿಯಲ್ಲಿ ಅದೇ ಸಂಖ್ಯೆಗಳನ್ನು ತಿದ್ದಬೇಕು. ಸಂಪಾದಕರು ತಮ್ಮ ಮಾತಿನಲ್ಲಿ 'ಪುಟ 214 ನೋಡಿ' ಎಂದಿದ್ದರೆ ಅದನ್ನು ಹುಡುಕಿ 216 ಮಾಡಬೇಕು. ಕೊನೆಯ ಪದಸೂಚಿಯನ್ನಂತೂ ಮೊದಲಿಂದ ಮಾಡಬೇಕು. 1/8 ಡೆಮಿ ಆಕಾರದ ಪುಸ್ತಕದಲ್ಲಿ 16 ಪುಟಕ್ಕೊಂದು ಫಾರ್ಮು. ಆ ಎರಡು ಪುಟದ ದೆಸೆಯಿಂದ ಪುಸ್ತಕ ಇನ್ನೊಂದು ಫಾರ್ಮಿಗೆ ಜಾರಿದರೆ ಕಾಗದದ ಲೆಕ್ಕ, ಬೆನ್ನಿನ ದಪ್ಪ, ಮುಖಪುಟದ ಅಳತೆ ಎಲ್ಲವೂ ಕದಲುತ್ತವೆ.

ಈ ಕೆಲಸವನ್ನು ನಮ್ಮಲ್ಲಿ ಬಹಳಷ್ಟು ಜನ ಇಂದಿಗೂ ಕೈಯಿಂದಲೇ ಮಾಡುತ್ತಾರೆ. ಒಂದೊಂದೇ ಫೈಲು ತೆರೆದು, ನಕಲು ಮಾಡಿ, ತಂದು ಕೂರಿಸಿ, ಸಂಖ್ಯೆ ತಿದ್ದಿ, ಮುಂದಿನದಕ್ಕೆ ಹೋಗುತ್ತಾರೆ. ಆ ರಾತ್ರಿ ಯಾರೂ ಕರಡು ಓದುವುದಿಲ್ಲ. ಓದಲು ಹೊತ್ತಿರುವುದಿಲ್ಲ.

ಕನ್ನಡ ಪುಸ್ತಕಗಳಲ್ಲಿ ಅಚ್ಚಿನ ತಪ್ಪು ಹೆಚ್ಚು ಎಂದು ಓದುಗರು ದೂರುತ್ತಾರೆ. ದೂರು ಸರಿಯಾಗಿಯೇ ಇದೆ. ಆದರೆ ಕಾರಣ ಹುಡುಕುವಾಗ ಎಲ್ಲರೂ ಡಿಟಿಪಿ ಮಾಡುವವರ ಕನ್ನಡದ ಮೇಲೆ ಬೀಳುತ್ತಾರೆ. ಅಲ್ಪಪ್ರಾಣ ಮಹಾಪ್ರಾಣ ತಿಳಿಯದು, ಸಂಧಿ ಸಮಾಸ ತಿಳಿಯದು ಎನ್ನುತ್ತಾರೆ. ನಾನು ಹೇಳುವುದು ಬೇರೆ. ಕರಡು ಓದಬೇಕಾದ ಹೊತ್ತನ್ನು ಪುಟ ಕೂರಿಸುವ ಕೆಲಸ ತಿಂದುಹಾಕುತ್ತಿದೆ. ಆ ಕೂರಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ದಾರಿ ನಾಲ್ಕು ದಶಕಗಳಿಂದ ಇದೆ. ಅದಕ್ಕೆ ಕಾಸೂ ಬೇಡ. ಆ ದಾರಿಯನ್ನು ನಾವು ಕಲಿಸುತ್ತಿಲ್ಲ, ಕಲಿತವರ ಕೆಲಸಕ್ಕೆ ಬೆಲೆ ಕಟ್ಟುವ ಕ್ರಮವೂ ನಮ್ಮಲ್ಲಿಲ್ಲ.

ಆ ದಾರಿಯ ಹೆಸರು ಲೂಪ್. ಮದುವೆಮನೆಯಲ್ಲಿ ಸಾರಿನ ಪಾತ್ರೆ ಹಿಡಿದವನಿಗೆ ಎಲೆ ಎಲೆಗೂ 'ಇಲ್ಲಿ ಬಡಿಸು, ಇನ್ನು ಪಕ್ಕದಲ್ಲಿ ಬಡಿಸು' ಎಂದು ಯಾರೂ ಹೇಳುತ್ತ ಹೋಗುವುದಿಲ್ಲ. ಪಂಕ್ತಿಗೆ ಬಡಿಸಿಕೊಂಡು ಹೋಗು ಎಂದರೆ ಮುಗಿಯಿತು. ಎಲೆ ಮುಗಿದಲ್ಲಿ ಅವನು ನಿಲ್ಲುತ್ತಾನೆ. ಕಂಪ್ಯೂಟರಿಗೂ ಹಾಗೆಯೇ ಹೇಳಬಹುದು.

ನಾನು ಪುಸ್ತಕ ಮಾಡುವುದು ಲೇಟೆಕ್‌ನಲ್ಲಿ. ಅಲ್ಲಿ ಮೌಸಿನಿಂದ ಎಳೆದು ಕೂರಿಸುವ ವ್ಯವಹಾರವಿಲ್ಲ. ಏನು, ಎಲ್ಲಿ, ಹೇಗೆ ಬರಬೇಕೆಂದು ಬರೆದುಕೊಟ್ಟರೆ ಅದನ್ನು ಓದಿಕೊಂಡು ಪಿಡಿಎಫ್ ಮಾಡಿಕೊಡುತ್ತದೆ. ಎಪ್ಪತ್ತು ಲೇಖನಗಳ ಗ್ರಂಥವಾದರೆ ಎಪ್ಪತ್ತು ಫೈಲುಗಳು ಒಂದು ಫೋಲ್ಡರಿನಲ್ಲಿರುತ್ತವೆ. ಮುಖ್ಯ ಫೈಲಿನಲ್ಲಿರುವುದು ಒಂದು ಪಟ್ಟಿ, ಒಂದು ಲೂಪ್. ಆ ಲೂಪನ್ನು ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ: ಪಟ್ಟಿಯಲ್ಲಿರುವ ಪ್ರತಿ ಹೆಸರನ್ನೂ ಒಂದಾದ ಮೇಲೊಂದು ತೆಗೆದುಕೋ. ಆ ಹೆಸರಿನ ಫೈಲು ಇದೆಯೇ ನೋಡು. ಇದ್ದರೆ ಬಲಗಡೆಯ ಪುಟದಿಂದ ಶುರುಮಾಡಿ ಅದನ್ನು ಒಳಗೆ ತಾ; ಶೀರ್ಷಿಕೆಯನ್ನೂ ಲೇಖಕರ ಹೆಸರನ್ನೂ ಪರಿವಿಡಿಗೆ ಕಳಿಸು; ಪುಟದ ನೆತ್ತಿಯ ಮೇಲೆ ಅದೇ ಶೀರ್ಷಿಕೆ ಹಾಕು. ಇಲ್ಲದಿದ್ದರೆ ಒಂದು ಪುಟ ಬಿಟ್ಟು 'ಲೇಖನ ಬರಬೇಕು' ಎಂದು ದಪ್ಪಕ್ಷರದಲ್ಲಿ ಬರೆ. ಲೇಖನ ಎಪ್ಪತ್ತಿದ್ದರೂ ಲೂಪ್ ಇಷ್ಟೇ, ಏಳುನೂರಿದ್ದರೂ ಇಷ್ಟೇ.

ಸ್ವಾಮಿಗಳ ಆಶೀರ್ವಚನ ಬಂದಾಗ ನಾನು ಪಟ್ಟಿಗೆ ಒಂದು ಹೆಸರು ಸೇರಿಸುತ್ತೇನೆ. ಲೇಖನ ಮೇಲೆ ಕೆಳಗೆ ಆಗಬೇಕೆಂದರೆ ಪಟ್ಟಿಯ ಸಾಲನ್ನು ಮೇಲೆ ಕೆಳಗೆ ಮಾಡುತ್ತೇನೆ. ಆಮೇಲೆ ಲೇಟೆಕ್ ಓಡಿಸುತ್ತೇನೆ. ಒಮ್ಮೆ ಓಡಿಸಿದರೆ ಸಾಲದು, ಮತ್ತೊಮ್ಮೆ ಓಡಿಸಬೇಕು. ಮೊದಲ ಸಲ ಅದು ಯಾವ ಲೇಖನ ಯಾವ ಪುಟಕ್ಕೆ ಬಿತ್ತೆಂದು ಬೇರೊಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ, ಎರಡನೆಯ ಸಲ ಅದನ್ನು ಓದಿ ಪರಿವಿಡಿಯನ್ನು ಸರಿಮಾಡುತ್ತದೆ. ಎಷ್ಟು ಪುಟವಾಯಿತು, ಎಷ್ಟು ಫಾರ್ಮಾಯಿತು ಎಂಬುದನ್ನು ಫೋನಿನಲ್ಲಿ ಇದ್ದವರಿಗೆ ಸ್ವಲ್ಪ ಹೊತ್ತಿನಲ್ಲೇ ಹೇಳಬಹುದು. ಅವರ ಮಾತು ಮುಗಿಯುವುದೇ ತಡ.

ಇಲ್ಲಿ ಜಾಣತನ ಇರುವುದು ಲೂಪ್ ಬರೆಯುವುದರಲ್ಲಿ ಅಲ್ಲ, ಫೈಲಿಗೆ ಹೆಸರಿಡುವುದರಲ್ಲಿ. ಹೊಸಬರು ಲೇಖನ1, ಲೇಖನ2 ಎಂದು ಹೆಸರಿಟ್ಟು ಒಂದರಿಂದ ಎಪ್ಪತ್ತರವರೆಗೆ ಎಣಿಸುವ ಲೂಪ್ ಬರೆಯುತ್ತಾರೆ. ನಾಲ್ಕಕ್ಕೂ ಐದಕ್ಕೂ ನಡುವೆ ಒಂದು ಲೇಖನ ನುಗ್ಗಿದೊಡನೆ ಐದರಿಂದ ಮುಂದಿನ ಎಲ್ಲ ಫೈಲುಗಳಿಗೂ ಮರುನಾಮಕರಣ ಆಗಬೇಕು. ಅದೂ ಅಲ್ಲದೆ ಅಕ್ಷರ ಕ್ರಮದಲ್ಲಿ ಜೋಡಿಸುವ ಯಂತ್ರಕ್ಕೆ ಒಂದರ ಮುಂದಿನದು ಎರಡಲ್ಲ, ಹತ್ತು. ಹತ್ತು, ಹನ್ನೊಂದು ಎಲ್ಲ ಮುಗಿದ ಮೇಲೆ ಎರಡರ ಸರದಿ. ಆದ್ದರಿಂದ ಫೈಲಿನ ಹೆಸರಿನಲ್ಲಿ ಲೇಖಕರ ಗುರುತು ಮಾತ್ರ ಇರಬೇಕು. ಕ್ರಮ ಎಂಬುದು ಪಟ್ಟಿಯ ಸ್ವತ್ತು. ಯಾರು ಬರೆದರು ಎಂಬುದು ಬದಲಾಗುವುದಿಲ್ಲ. ಅವರು ಎಲ್ಲಿ ಕೂರುತ್ತಾರೆ ಎಂಬುದು ಘಳಿಗೆಗೊಮ್ಮೆ ಬದಲಾಗುತ್ತದೆ. ಬದಲಾಗುವುದನ್ನೂ ಬದಲಾಗದ್ದನ್ನೂ ಬೇರೆಬೇರೆ ಇಟ್ಟರೆ ಅರ್ಧ ಜಗಳ ಮುಗಿದಂತೆ. ಪಟ್ಟಿಯನ್ನು ಸಂಪಾದಕರೇ ಬರೆದು ಕಳಿಸಲಿ ಎಂದು ನಾನು ಹಟ ಹಿಡಿಯುವುದೂ ಇದಕ್ಕೇ. ಕ್ರಮದ ತೀರ್ಮಾನ ಅವರದು, ಅದರ ಜವಾಬ್ದಾರಿಯೂ ಅವರದೇ ಕೈಬರಹದಲ್ಲಿ ಇರಲಿ.

ಗ್ರಂಥದ ಮೊದಲ ಭಾಗದಲ್ಲಿ ಶುಭಾಶಯ ಸಂದೇಶಗಳಿರುತ್ತವಲ್ಲ, ಅವು ಬೇರೆ ಜಾತಿ. ರಾಜ್ಯಪಾಲರದು, ಮುಖ್ಯಮಂತ್ರಿಗಳದು, ಕುಲಪತಿಗಳದು, ಮಠಗಳದು ಅವರವರ ಲೆಟರ್‌ಹೆಡ್ಡಿನಲ್ಲಿ, ಸಹಿ ಮೊಹರಿನ ಸಮೇತ ಸ್ಕ್ಯಾನ್ ಆಗಿ ಬರುತ್ತವೆ. ಅವನ್ನು ಮರು ಜೋಡಿಸುವಂತಿಲ್ಲ, ಪುಟವನ್ನೇ ಇದ್ದಂತೆ ತಂದು ಇಡಬೇಕು. ಇದಕ್ಕೆ ಆಂಡ್ರಿಯಾಸ್ ಮಥಿಯಾಸ್ ಎಂಬವರು ಬರೆದ ಪಿಡಿಎಫ್‌ಪೇಜಸ್ ಎಂಬ ಪ್ಯಾಕೇಜ್ ಇದೆ. ಒಂದು ಪಿಡಿಎಫಿನ ಎಲ್ಲ ಪುಟ ಬೇಕೆ, ಮೂರರಿಂದ ಐದರವರೆಗೆ ಸಾಕೆ, ಒಂದು ಹಾಳೆಯಲ್ಲಿ ನಾಲ್ಕು ಪುಟ ಕೂರಬೇಕೆ ಎಂಬುದನ್ನೆಲ್ಲ ಒಂದೇ ಸಾಲಿನಲ್ಲಿ ಹೇಳಬಹುದು. ಹೀಗೆ ತಂದ ಪುಟದ ಮೇಲೆ ಅದು ತಾನಾಗಿ ಪುಟಸಂಖ್ಯೆ ಅಚ್ಚು ಮಾಡುವುದಿಲ್ಲ, ಆದರೆ ಲೆಕ್ಕದಲ್ಲಿ ಹಿಡಿದುಕೊಳ್ಳುತ್ತದೆ. ಮುಖ್ಯಮಂತ್ರಿಗಳ ಸಹಿಯ ಕೆಳಗೆ ನಮ್ಮ ಅಂಕಿ ಬೀಳಬಾರದು ಎಂದು ಬಯಸುವ ಸಮಿತಿಗಳಿಗೆ ಹೇಳಿ ಮಾಡಿಸಿದಂತಿದೆ. ಈ ಆಜ್ಞೆಯನ್ನು ಲೂಪಿನೊಳಗೆ ಇಟ್ಟು, ಸಂದೇಶಗಳ ಇನ್ನೊಂದು ಪಟ್ಟಿ ಕೊಟ್ಟರೆ ಶಿಷ್ಟಾಚಾರದ ಆದ್ಯತೆ ಎಷ್ಟು ಸಲ ಬದಲಾದರೂ ನನಗೆ ತಲೆನೋವಿಲ್ಲ.

ಆದರೆ ಈ ಸುಖ ಒಂದು ಕೆಟ್ಟ ಚಾಳಿಗೂ ದಾರಿಮಾಡಿಕೊಟ್ಟಿದೆ. ಪುಟವನ್ನು ಇದ್ದಂತೆ ತುರುಕಬಹುದು ಎಂದ ಮೇಲೆ ಲೇಖನಗಳನ್ನೂ ಹಾಗೆಯೇ ತುರುಕಿಬಿಡೋಣ ಎನ್ನುತ್ತಾರೆ. ವಿಚಾರ ಸಂಕಿರಣಗಳ ಪ್ರಬಂಧ ಸಂಪುಟಗಳನ್ನು ತೆರೆದು ನೋಡಿ: ಒಂದು ಪ್ರಬಂಧ ಒಂದು ಫಾಂಟಿನಲ್ಲಿ, ಪಕ್ಕದ್ದು ಇನ್ನೊಂದರಲ್ಲಿ, ಒಂದರ ಅಂಚು ಅಗಲ, ಇನ್ನೊಂದರದು ಕಿರಿದು, ಕೆಲವದರಲ್ಲಿ ಲೇಖಕರು ಹಾಕಿದ ಪುಟಸಂಖ್ಯೆಯೂ ಪುಸ್ತಕದ ಪುಟಸಂಖ್ಯೆಯೂ ಒಟ್ಟಿಗೇ ಕಾಣುತ್ತವೆ. ಲೇಖಕರು ಕಳಿಸಿದ ಪಿಡಿಎಫುಗಳನ್ನು ಯಾರೂ ಓದದೆ ಸಾಲಾಗಿ ಹೊಲಿದ ಗಂಟು ಅದು. ಪುಟವನ್ನು ತರುವುದು ಬೇರೆ, ಫೈಲನ್ನು ತರುವುದು ಬೇರೆ. ಪುಟ ತಂದರೆ ಬರುವುದು ಅದರ ಚಿತ್ರ. ಒಂದು ಅಕ್ಷರ ತಿದ್ದಲಾಗದು, ಒಳಗಿದ್ದ ಕೊಂಡಿಗಳೂ ಸತ್ತುಹೋಗುತ್ತವೆ. ಫೈಲು ತಂದರೆ ಬರುವುದು ಪಠ್ಯ. ಅದು ಪುಸ್ತಕದ ಅಳತೆಗೆ, ಪುಸ್ತಕದ ಅಕ್ಷರಕ್ಕೆ ಒಗ್ಗಿಕೊಳ್ಳುತ್ತದೆ. ಸಹಿಯಿರುವ ಪತ್ರ, ಹಸ್ತಪ್ರತಿಯ ಹಾಳೆ, ಹಳೆಯ ಆಮಂತ್ರಣ ಇವಕ್ಕೆ ಪುಟ. ಲೇಖನಕ್ಕೆ ಯಾವಾಗಲೂ ಫೈಲು. ಇದು ನನ್ನ ಅಂಗಡಿಯ ಕಾನೂನು.

ಈ ಕಾನೂನು ಪಾಲಿಸಲು ಕನ್ನಡದಲ್ಲಿ ಒಂದು ತೊಡಕಿದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿದ್ದರೂ ಲೇಖನಗಳು ಇವತ್ತಿಗೂ ಹಳೆಯ ಆಸ್ಕಿ ಫಾಂಟುಗಳಲ್ಲಿ ಬರುತ್ತವೆ. ಫಾಂಟು ತೆಗೆದರೆ ಆ ಕಡತದಲ್ಲಿ ಇರುವುದು ಇಂಗ್ಲಿಷ್ ಅಕ್ಷರಗಳ ರಾಶಿ. ಅದನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಕಣ್ಣಿಗೆ ಕಾಣುವಂತೆ ಅಕ್ಷರದ ಆಚೆ ಕೂತಿದ್ದ ಅರ್ಕಾವೊತ್ತನ್ನು ಉಚ್ಚಾರಣೆಯ ಕ್ರಮಕ್ಕೆ ಈಚೆ ತರಬೇಕು. ಪರಿವರ್ತಕಗಳು ಇವೆ, ಆದರೆ ಅವುಗಳ ಕೈಯಿಂದ ಬಂದದ್ದನ್ನು ಓದಿ ನೋಡಲೇಬೇಕು. ಈ ಶ್ರಮ ತಪ್ಪಿಸಿಕೊಳ್ಳಲು ಪಿಡಿಎಫ್ ಮಾಡಿ ತುರುಕುವವರು ಪುಸ್ತಕವನ್ನು ಹುಡುಕಲಾಗದ ಕಲ್ಲು ಮಾಡುತ್ತಿದ್ದಾರೆ. ನಾಳೆ ಸಂಶೋಧಕಿಯೊಬ್ಬಳು ಆ ಗ್ರಂಥದಲ್ಲಿ 'ಕವಿರಾಜಮಾರ್ಗ' ಎಂದು ಹುಡುಕಿದರೆ ಯಂತ್ರ ಏನೂ ಇಲ್ಲ ಎನ್ನುತ್ತದೆ.

ಇದೆಲ್ಲ ಯಾವುದೋ ಹೊಸ ಕಂಪನಿಯ ಹೊಸ ಸರಕಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕನೂತ್ 1977ರಲ್ಲಿ ತಮ್ಮದೇ ಪುಸ್ತಕದ ಹೊಸ ಆವೃತ್ತಿಯ ಕರಡು ನೋಡಿದರು. ಸೀಸದ ಮೊಳೆಗಳ ಕಾಲ ಮುಗಿದು ಫೋಟೊ ಜೋಡಣೆ ಬಂದಿತ್ತು. ಆ ಪುಟಗಳ ಅಂದ ಅವರಿಗೆ ಹಿಡಿಸಲಿಲ್ಲ. ಬೇರೆಯವರನ್ನು ಬೈದು ಸುಮ್ಮನಾಗದೆ ತಾವೇ ಟೆಕ್ ಎಂಬ ಜೋಡಣಾ ವ್ಯವಸ್ಥೆ ಬರೆಯಲು ಕೂತರು. ಬೇಗ ಮುಗಿಯುತ್ತದೆಂದು ಎಣಿಸಿದ ಕೆಲಸ ಹತ್ತಿರ ಹತ್ತಿರ ಹತ್ತು ವರ್ಷ ತೆಗೆದುಕೊಂಡಿತು. ಮುಗಿದ ಮೇಲೆ ಅದನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟರು. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಲೇಟೆಕ್ ಕಟ್ಟಿದರು. ಟೆಕ್‌ನ ಮೂಲ ಆಜ್ಞೆಗಳಲ್ಲಿ ಲೂಪ್ ಎಂಬುದೇ ಇಲ್ಲ. ಮ್ಯಾಕ್ರೋ, ಅಂದರೆ ಹೆಸರಿಟ್ಟ ಆಜ್ಞೆಗಳ ಕಟ್ಟು, ತನ್ನನ್ನೇ ತಾನು ಮತ್ತೆ ಕರೆದುಕೊಳ್ಳುವ ಉಪಾಯದಿಂದ ಕನೂತ್ ಅದನ್ನು ಕೆಲವೇ ಸಾಲುಗಳಲ್ಲಿ ಕಟ್ಟಿಕೊಟ್ಟರು. ಇಂದು ನಾನು ಬಳಸುವ ಫಾರ್‌ಈಚ್ ಎಂಬ ಲೂಪ್, ಜರ್ಮನಿಯ ಟಿಲ್ ಟಾಂಟೌ ಚಿತ್ರ ಬರೆಯಲೆಂದು ಮಾಡಿದ ಪ್ಯಾಕೇಜಿನ ಜೊತೆಗೆ ಬಂದದ್ದು. ಗೆರೆ ವೃತ್ತ ಎಳೆಯಲು ಮಾಡಿದ್ದು ಗ್ರಂಥ ಕಟ್ಟಲು ಒದಗಿತು.

ಕನ್ನಡ ಇದರೊಳಗೆ ಸಲೀಸಾಗಿ ಕೂರುವಂತಾದದ್ದು ಜೊನಾಥನ್ ಕ್ಯೂ 2004ರಲ್ಲಿ ಹೊರತಂದ ಝೀಟೆಕ್‌ನಿಂದ. ಅದು ಯೂನಿಕೋಡ್ ಪಠ್ಯವನ್ನು ನೇರವಾಗಿ ಓದಿ, ಕಂಪ್ಯೂಟರಿನಲ್ಲಿರುವ ಫಾಂಟನ್ನೇ ಬಳಸಿ ಒತ್ತಕ್ಷರಗಳನ್ನು ಸರಿಯಾಗಿ ಕಟ್ಟಿತು. ಸಾಲಿನ ಕೊನೆಯಲ್ಲಿ ಕನ್ನಡ ಪದವನ್ನು ಎಲ್ಲಿ ಮುರಿಯಬೇಕೆಂಬ ನಿಯಮಗಳನ್ನು ಟೆಕ್‌ಗೆ ಬರೆದುಕೊಟ್ಟವರು ಕೇರಳದ ಸಂತೋಷ್ ತೋಟ್ಟಿಂಗಲ್. ಟೆಕ್ ಬಳಕೆದಾರರ ಅಂತರರಾಷ್ಟ್ರೀಯ ಸಮ್ಮೇಳನ 2002ರಲ್ಲೊಮ್ಮೆ, 2011ರಲ್ಲೊಮ್ಮೆ ತಿರುವನಂತಪುರದಲ್ಲೇ ನಡೆದಿದೆ. ನಮ್ಮಲ್ಲೂ ಗಣಿತಜ್ಞ ಸಿ. ಎಸ್. ಯೋಗಾನಂದ ಅವರ ಶ್ರೀರಂಗ ಡಿಜಿಟಲ್, ಶ್ರೀರಂಗಪಟ್ಟಣದಲ್ಲಿ ಕೂತು ಟೆಕ್‌ನಿಂದ ಪುಸ್ತಕದ ಕೆಲಸ ಮಾಡುತ್ತ ಬಂದಿದೆ. ದಾರಿ ನಮ್ಮ ಊರಿನ ಮಗ್ಗುಲಲ್ಲೇ ಹಾದುಹೋಗಿದೆ. ಆದರೂ ಕನ್ನಡ ಸಾಹಿತ್ಯದ ಪುಸ್ತಕ ಮಾಡುವವರು ಅದನ್ನು ಗಣಿತದವರ, ವಿಜ್ಞಾನದವರ ಸಾಮಾನು ಎಂದುಕೊಂಡು ಬಿಟ್ಟಿದ್ದಾರೆ.

ಲೇಟೆಕ್ಕೇ ಬೇಕೆಂದು ನನ್ನ ಹಟವಿಲ್ಲ. ಇನ್‌ಡಿಸೈನ್ ಬಳಸುವವರಿಗೆ ಅಧ್ಯಾಯಗಳ ಫೈಲುಗಳನ್ನು ಒಂದು ಪುಸ್ತಕವಾಗಿ ಹೆಣೆಯುವ ವ್ಯವಸ್ಥೆ ಅದರಲ್ಲೇ ಇದೆ. ಬಹುಪುಟದ ಪಿಡಿಎಫನ್ನು ಸಾಲಾಗಿ ಕೂರಿಸುವ ಸ್ಕ್ರಿಪ್ಟೂ ಜೊತೆಗೇ ಬರುತ್ತದೆ. ವರ್ಡ್‌ನಲ್ಲಿ ಮೇಲ್ ಮರ್ಜ್ ಇದೆ. ಸಂಕಿರಣಕ್ಕೆ ಬಂದ ಮುನ್ನೂರು ಜನರ ಪ್ರಮಾಣಪತ್ರಕ್ಕೆ ಒಬ್ಬೊಬ್ಬರ ಹೆಸರನ್ನೂ ಕುಟ್ಟುತ್ತ ಕೂರುವ ಕಾಲೇಜು ಗುಮಾಸ್ತರ ಕಂಪ್ಯೂಟರಿನಲ್ಲೇ ಅದು ಇರುತ್ತದೆ. ಯಾರೂ ತೋರಿಸಿಕೊಟ್ಟಿಲ್ಲ ಅಷ್ಟೆ.

ದೊಡ್ಡ ಲೆಕ್ಕದ ಕೆಲಸಗಳಲ್ಲಿ ಈ ಬುದ್ಧಿ ಎಂದೋ ಬಂದಿದೆ. ಮತದಾರರ ಪಟ್ಟಿ ತೆಗೆದು ನೋಡಿ: ಪುಟಕ್ಕೆ 30 ಚೌಕ, ಪ್ರತಿ ಚೌಕದಲ್ಲಿ ಹೆಸರು, ಮನೆ ಸಂಖ್ಯೆ, ವಯಸ್ಸು. ಕೋಟಿಗಟ್ಟಲೆ ಮತದಾರರ ಚೌಕವನ್ನು ಯಾರೂ ಕೈಯಿಂದ ಎಳೆದು ಕೂರಿಸಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪರೀಕ್ಷೆಯ ಪ್ರವೇಶಪತ್ರ, ಕರೆಂಟ್ ಬಿಲ್ಲು ಎಲ್ಲವೂ ಲೂಪಿನಿಂದ ಬಂದವೇ. ಬಿಲ್ಲಿಗೆ ಸಿಕ್ಕ ಸವಲತ್ತು ಪುಸ್ತಕಕ್ಕೆ ಸಿಕ್ಕಿಲ್ಲ. ನ್ಯಾಕ್ ಮೌಲ್ಯಮಾಪನ ಬರುತ್ತದೆಂದರೆ ಕಾಲೇಜಿನ ಅಧ್ಯಾಪಕರು ಪಾಠ ಬಿಟ್ಟು ನೂರಾರು ಆಧಾರ ಪತ್ರಗಳನ್ನು ಪುಟ ಪುಟವಾಗಿ ಪೋಣಿಸುತ್ತ ಕೂರುತ್ತಾರೆ. ಪಿಎಚ್.ಡಿ. ವಿದ್ಯಾರ್ಥಿಗಳು ಪ್ರಬಂಧ ಒಪ್ಪಿಸುವ ಹಿಂದಿನ ದಿನ ಅನುಬಂಧದ ಪ್ರಶ್ನಾವಳಿ, ಶಾಸನಗಳ ಛಾಯಾಪ್ರತಿ, ಪ್ರಕಟಿತ ಲೇಖನಗಳನ್ನು ಹಿಡಿದುಕೊಂಡು ನನ್ನಂಥವರ ಅಂಗಡಿಯ ಮುಂದೆ ನಿಲ್ಲುತ್ತಾರೆ. ಅವರು ಮೂರು ವರ್ಷ ಬರೆದದ್ದನ್ನು ಕೊನೆಯ ಬಾರಿಗೆ ಓದಬೇಕಾದ ದಿನ ಅದು.

ನನ್ನ ಮಾತಿಗೆ ಬರುವ ಆಕ್ಷೇಪಗಳು ನನಗೆ ಗೊತ್ತಿವೆ. ಲೂಪ್ ತಪ್ಪಿದರೆ ಎಪ್ಪತ್ತು ಕಡೆ ತಪ್ಪುತ್ತದೆ ಎನ್ನುತ್ತಾರೆ. ನಿಜ. ಫಾರ್‌ಈಚ್‌ನಲ್ಲಿ ಒಂದು ಸುತ್ತಿನೊಳಗೆ ಬರೆದಿಟ್ಟುಕೊಂಡದ್ದು ಆ ಸುತ್ತು ಮುಗಿದೊಡನೆ ಅಳಿಸಿಹೋಗುತ್ತದೆ. ಅದು ಹೊರಗೂ ಉಳಿಯಬೇಕಾದರೆ ಗ್ಲೋಬಲ್ ಎಂದು ಸಾರಿ ಹೇಳಬೇಕು. ತಿಳಿಯದವರು ಲೆಕ್ಕ ಏಕೆ ಸೊನ್ನೆಯಾಯಿತೆಂದು ತಲೆ ಕೆರೆದುಕೊಳ್ಳುತ್ತಾರೆ. ಪಟ್ಟಿಯಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋದರೆ ಎರಡು ಹೆಸರು ಅಂಟಿಕೊಂಡು ಎರಡು ಲೇಖನವೂ ಕಾಣೆಯಾಗುತ್ತವೆ. ಆದರೆ ಎಪ್ಪತ್ತು ಕಡೆ ಒಂದೇ ಥರ ತಪ್ಪಿದ್ದು ಥಟ್ಟನೆ ಕಣ್ಣಿಗೆ ಬೀಳುತ್ತದೆ, ಒಂದೇ ಕಡೆ ತಿದ್ದಿದರೆ ಎಪ್ಪತ್ತೂ ಸರಿಯಾಗುತ್ತವೆ. ಕೈಯಿಂದ ಕೂರಿಸುವಾಗ ನಲವತ್ತಮೂರನೆಯ ಲೇಖನದಲ್ಲಿ ಮಾತ್ರ ಆದ ತಪ್ಪು ಹಾಗಲ್ಲ. ಅದನ್ನು ಲೇಖಕರ ಮನೆಯವರು ಬಿಡುಗಡೆಯ ವೇದಿಕೆಯ ಕೆಳಗೆ ಕೂತು ಕಂಡುಹಿಡಿಯುತ್ತಾರೆ.

ಪ್ರತಿ ಲೇಖನಕ್ಕೂ ಅದರದೇ ಅಲಂಕಾರ ಬೇಕು, ಎಲ್ಲವನ್ನೂ ಒಂದೇ ಅಚ್ಚಿಗೆ ಹಾಕಲಾಗದು ಎಂಬುದು ಇನ್ನೊಂದು ಆಕ್ಷೇಪ. ಮಕ್ಕಳ ಚಿತ್ರಪುಸ್ತಕಕ್ಕೆ, ಛಾಯಾಚಿತ್ರ ಸಂಪುಟಕ್ಕೆ ಈ ಮಾತು ಸಲ್ಲುತ್ತದೆ. ಅಲ್ಲಿ ಪುಟ ಪುಟವನ್ನೂ ಕಲಾವಿದರೇ ನೋಡಬೇಕು. ಅಭಿನಂದನ ಗ್ರಂಥ, ಸಮ್ಮೇಳನದ ಸ್ಮರಣ ಸಂಚಿಕೆ, ಸಂಕಿರಣದ ಸಂಪುಟ, ಸಮಗ್ರ ಕೃತಿ ಶ್ರೇಣಿ ಇವುಗಳ ಅಂದ ಇರುವುದೇ ಒಂದೇ ತೆರನಾಗಿರುವುದರಲ್ಲಿ.

ಮೂರನೆಯ ಆಕ್ಷೇಪ ಹೊಟ್ಟೆಪಾಡಿನದು. ಅದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಈ ಕೆಲಸ ಮಾಡುವವರಲ್ಲಿ ಮನೆಯಲ್ಲೇ ಒಂದು ಕಂಪ್ಯೂಟರ್ ಇಟ್ಟುಕೊಂಡ ಹೆಣ್ಣುಮಕ್ಕಳು ಬಹಳ. ಅವರಿಗೆ ದರ ಸಿಗುವುದು ಪುಟದ ಲೆಕ್ಕದಲ್ಲಿ. ಪುಟಕ್ಕೆ ಇಷ್ಟು ಎಂದು ಮಾತಾಗಿರುತ್ತದೆ. ಅದರಲ್ಲಿ ಟೈಪು, ವಿನ್ಯಾಸ, ಮೂರು ಸಲದ ತಿದ್ದುಪಡಿ, ಕೊನೆಯ ರಾತ್ರಿಯ ಅದಲುಬದಲು ಎಲ್ಲ ಸೇರಿಹೋಗಿರುತ್ತದೆ. ಈ ಪದ್ಧತಿಯಲ್ಲಿ ಎಚ್ಚರಿಕೆಯಿಂದ ಕೆಲಸ ಮಾಡಿದವರಿಗೆ ಒಂದು ಪೈಸೆ ಹೆಚ್ಚು ಸಿಗುವುದಿಲ್ಲ. ಕರಡನ್ನು ನಿಧಾನವಾಗಿ ಓದಿದವರಿಗೆ ನಷ್ಟವೇ. ಪುಸ್ತಕ ದಪ್ಪವಾದಷ್ಟೂ ಲಾಭ. ಅಕ್ಷರದ ಗಾತ್ರ ದೊಡ್ಡದು ಮಾಡಿ, ಅಂಚು ಅಗಲ ಮಾಡಿ ಪುಟ ಹಿಗ್ಗಿಸುವ ಆಸೆ ಯಾರಿಗಾದರೂ ಬಂದೀತು. ಲೂಪ್ ಕಲಿತವಳು ಎರಡು ರಾತ್ರಿಯ ಕೆಲಸವನ್ನು ಅರ್ಧ ಗಂಟೆಗೆ ಇಳಿಸಿದಳು ಎನ್ನಿ. ಪ್ರಕಾಶಕರು ಆಗ ಕೇಳುವುದು, "ಇಷ್ಟು ಬೇಗ ಆಗತದ ಅಂದ ಮ್ಯಾಲ ರೇಟು ಕಡಿಮಿ ಮಾಡ್ರಿ" ಎಂದು. ಹೀಗಿರುವಾಗ ಆಕೆ ಯಾಕೆ ಕಲಿತಾಳು? ಕಲಿತರೂ ಯಾಕೆ ಹೇಳ್ಯಾಳು? ಹಳೆಯ ಪದ್ಧತಿಗೆ ಜೋತುಬಿದ್ದವರೆಂದು ಅವರನ್ನು ದೂರುವ ಮೊದಲು ನಾವು ಕೊಡುವ ದರವನ್ನು ನೋಡಿಕೊಳ್ಳಬೇಕು. ಉಳಿದ ಹೊತ್ತಿನ ಲಾಭವನ್ನು ಪ್ರಕಾಶಕರೇ ಕಿಸೆಗೆ ಹಾಕಿಕೊಂಡರೆ ಪುಸ್ತಕ ಉದ್ಧಾರವಾಗುವುದಿಲ್ಲ. ಆ ಹೊತ್ತು ಕರಡಿಗೆ ಹೋಗಬೇಕು, ಕರಡು ಓದಿದವರಿಗೆ ಕೂಲಿ ಹೋಗಬೇಕು.

ಯಾಕೆಂದರೆ ಲೂಪ್ ಓದುವುದಿಲ್ಲ. ಫೈಲು ಇದೆಯೇ ಎಂದು ನೋಡುತ್ತದೆ, ಅದರಲ್ಲಿ ಏನಿದೆ ಎಂದು ನೋಡುವುದಿಲ್ಲ. ಒಬ್ಬರ ಹೆಸರಿನ ಫೈಲಿನಲ್ಲಿ ಇನ್ನೊಬ್ಬರ ಲೇಖನವಿದ್ದರೂ ಶಿಸ್ತಾಗಿ ತಂದು ಕೂರಿಸುತ್ತದೆ. ದಿವಂಗತರ ಹೆಸರಿನ ಹಿಂದೆ 'ಶ್ರೀಯುತ' ಎಂದಿದ್ದರೂ, 'ಬೇಂದ್ರೆ' ಎಂಬುದು 'ಬೆಂದ್ರೆ' ಆಗಿದ್ದರೂ, ಒಂದೇ ಪ್ಯಾರಾ ಎರಡು ಸಲ ಬಂದಿದ್ದರೂ ಅದಕ್ಕೆ ಎಲ್ಲ ಒಂದೇ. ಇವನ್ನು ಹಿಡಿಯಲು ಕನ್ನಡ ಬಲ್ಲ, ಅವಸರವಿಲ್ಲದ, ನಿದ್ದೆ ಮಾಡಿ ಎದ್ದ ಒಂದು ಜೊತೆ ಕಣ್ಣು ಬೇಕು. ಆ ಕಣ್ಣುಗಳನ್ನು ಪುಟಸಂಖ್ಯೆ ತಿದ್ದಲು ಬಳಸುವುದು ದುಂದು.

ಹಾಗಾಗಿ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು, ಅಕಾಡೆಮಿಗಳು, ಸಾಹಿತ್ಯ ಪರಿಷತ್ತಿನ ಘಟಕಗಳು, ಅಭಿನಂದನ ಸಮಿತಿಗಳು ಪುಸ್ತಕದ ಕೆಲಸ ಕೊಡುವಾಗ ಕೆಲವು ಮಾತನ್ನು ಮೊದಲೇ ಆಡಿಕೊಳ್ಳಲಿ. ಲೇಖನಗಳು ಯೂನಿಕೋಡಿನಲ್ಲಿ ಬರಲಿ, ಒಬ್ಬ ಲೇಖಕರಿಗೆ ಒಂದೇ ಫೈಲು ಇರಲಿ, ಹೆಸರಿಡುವ ಕ್ರಮವನ್ನು ಆಹ್ವಾನ ಪತ್ರದಲ್ಲೇ ತಿಳಿಸಿರಲಿ. ಪಟ್ಟಿ ಬದಲಾಯಿಸುವ ಅಧಿಕಾರ ಒಬ್ಬರ ಕೈಯಲ್ಲಿರಲಿ. ಪುಸ್ತಕ ಅಚ್ಚಾದ ಮೇಲೆ ಪಿಡಿಎಫ್ ಒಂದನ್ನೇ ಇಟ್ಟುಕೊಳ್ಳದೆ ಮೂಲ ಫೈಲುಗಳನ್ನೂ ಪಟ್ಟಿಯನ್ನೂ ತೆಗೆದಿಟ್ಟುಕೊಳ್ಳಲಿ. ಹತ್ತು ವರ್ಷದ ಮೇಲೆ ಮರುಮುದ್ರಣ ಮಾಡುವಾಗ ಮತ್ತೆ ಸ್ಕ್ಯಾನ್ ಮಾಡಿ ಮತ್ತೆ ಟೈಪು ಮಾಡಿಸುವ ಖರ್ಚು ಉಳಿಯುತ್ತದೆ. ಡಿಟಿಪಿ ತರಬೇತಿ ಕೊಡುವ ಸಂಸ್ಥೆಗಳು ಫಾಂಟಿನ ಬಣ್ಣ ಬದಲಿಸುವುದನ್ನು ಕಲಿಸಿದಷ್ಟೇ ಶ್ರದ್ಧೆಯಿಂದ ಒಂದು ಪಟ್ಟಿ, ಒಂದು ಲೂಪ್ ಬರೆಯುವುದನ್ನೂ ಕಲಿಸಲಿ. ಟೈಪು ಬಲ್ಲ ಹುಡುಗಿಗೆ ಒಂದು ವಾರದಲ್ಲಿ ಬರುವ ವಿದ್ಯೆ ಇದು.

ಕೊನೆಯದಾಗಿ ದರ. ಪುಟ ಜೋಡಣೆಗೆ ಇಡೀ ಪುಸ್ತಕಕ್ಕೆ ಇಂತಿಷ್ಟೆಂದು ಕೊಡಿ. ಅದನ್ನು ಎಷ್ಟು ಬೇಗ ಮುಗಿಸಿದರೆಂದು ಕೇಳಬೇಡಿ. ಕರಡು ಓದುವುದಕ್ಕೆ ದರಪಟ್ಟಿಯಲ್ಲಿ ಪ್ರತ್ಯೇಕ ಸಾಲು ಇರಲಿ, ಪುಟದ ಲೆಕ್ಕವನ್ನು ಅಲ್ಲಿಗೆ ಹಚ್ಚಿ. ಈಗ ಬಹಳಷ್ಟು ದರಪಟ್ಟಿಗಳಲ್ಲಿ ಆ ಸಾಲೇ ಇಲ್ಲ, ಇದ್ದರೂ ಅದರ ಮುಂದೆ 'ಸೇರಿದೆ' ಎಂದು ಬರೆದಿರುತ್ತದೆ. ಆ ಜಾಗದಲ್ಲಿ ಒಂದು ಮೊತ್ತ ಬೀಳುವವರೆಗೆ ಕನ್ನಡ ಪುಸ್ತಕದ ತಪ್ಪುಗಳಿಗೆ ಟೈಪು ಮಾಡಿದವಳನ್ನು ಬೈಯುವ ಹಕ್ಕು ಸಮಿತಿಗಳಿಗಿಲ್ಲ.